ಡಿಶ್‌ವಾಷರ್ ಪಾತ್ರೆಯನ್ನು ನಿಜಕ್ಕೂ ಒಣಗಿಸುತ್ತದೆಯೇ? ಗಡಸು ನೀರಿನ ಸೀಮೆಗೆ ಒಂದು ಕೈಪಿಡಿ

ಪಾತ್ರೆ ತೊಳೆಯುವ ಯಂತ್ರ, ಅಂದರೆ ಡಿಶ್‌ವಾಷರ್, ಈಗ ಬೆಂಗಳೂರಿನ ಫ್ಲ್ಯಾಟುಗಳಿಗಷ್ಟೇ ಸೀಮಿತವಾದ ವಸ್ತುವಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಗೆಲಸದವರು ಬರುವುದು ನಿಂತಾಗ ದೇಶದ ಎಲ್ಲೆಡೆ ಇದಕ್ಕೆ ಬೇಡಿಕೆ ಏರಿತು. ಅಲ್ಲಿಂದೀಚೆಗೆ ಸಣ್ಣ ಊರುಗಳ ಅಡುಗೆಮನೆಗಳಲ್ಲೂ ಇದರ ಮಾತು ನಡೆಯುತ್ತಿದೆ. ರಾಯದುರ್ಗದವರಿಗೆ ಬಳ್ಳಾರಿ, ಮಡಕಶಿರಾದವರಿಗೆ ಹಿಂದೂಪುರ ಹತ್ತಿರದ ದೊಡ್ಡ ಪೇಟೆ. ಅಲ್ಲಿಗೆ ಹೋಗಿ ಯಂತ್ರ ನೋಡಿ ಬಂದವರು ಕೇಳುವ ಮೊದಲ ಪ್ರಶ್ನೆ 'ಚೆನ್ನಾಗಿ ತೊಳೆಯುತ್ತದೆಯೇ?' ಎಂಬುದು. ಎರಡನೆಯ ಪ್ರಶ್ನೆ ಯಂತ್ರ ಮನೆಗೆ ಬಂದ ಮೇಲೆ ಹುಟ್ಟುತ್ತದೆ: 'ಪಾತ್ರೆ ಇನ್ನೂ ಒದ್ದೆಯಾಗಿಯೇ ಇದೆಯಲ್ಲ, ಯಾಕೆ?'

ಚುಟುಕಾದ ಉತ್ತರ ಹೀಗಿದೆ. ಇಂದಿನ ಯಂತ್ರಗಳು ಪಿಂಗಾಣಿ ಮತ್ತು ದಪ್ಪ ಗಾಜನ್ನು ಚೆನ್ನಾಗಿ ಒಣಗಿಸುತ್ತವೆ. ಸ್ಟೀಲ್ ತಟ್ಟೆಯನ್ನು ಬಹುಮಟ್ಟಿಗೆ ಒಣಗಿಸುತ್ತವೆ. ತೆಳು ಸ್ಟೀಲ್ ಲೋಟ ಹಾಗೂ ಪ್ಲಾಸ್ಟಿಕ್ ಡಬ್ಬಿಯ ವಿಷಯದಲ್ಲಿ ಸೋಲುತ್ತವೆ. ಆದರೆ ಅನಂತಪುರ ಸೀಮೆಯ ಒಣಹವೆ ಇಲ್ಲಿನ ಬಳಕೆದಾರರಿಗೆ ದೊಡ್ಡ ಸಹಾಯ ಮಾಡುತ್ತದೆ. ಅದೇ ಸೀಮೆಯ ಬೋರ್‌ವೆಲ್ ನೀರು ಅಷ್ಟೇ ದೊಡ್ಡ ತೊಂದರೆ ಕೊಡುತ್ತದೆ. ಹಾಗಾಗಿ ಯಂತ್ರದ ಬ್ರಾಂಡ್ ನೋಡುವ ಮೊದಲು ಮನೆಯ ನೀರನ್ನು ನೋಡುವುದು ಲೇಸು.

ಯಂತ್ರದೊಳಗೆ ಒಣಗಿಸುವುದು ಯಾರು?

ಡಿಶ್‌ವಾಷರ್ ಒಳಗೆ ಫ್ಯಾನ್ ಇಟ್ಟು ಬಿಸಿಗಾಳಿ ಊದುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಹೆಚ್ಚಿನ ಯಂತ್ರಗಳಲ್ಲಿ ಅಂಥದ್ದೇನೂ ಇಲ್ಲ. ಕೊನೆಯ ಬಾರಿ ಜಾಲಾಡಿಸುವ ನೀರನ್ನು ಯಂತ್ರ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಆ ಬಿಸಿ ಪಾತ್ರೆಗಳಿಗೆ ಏರುತ್ತದೆ. ನೀರು ಹೊರಹೋದ ಮೇಲೆ ಪಾತ್ರೆಯ ಮೈಯಲ್ಲಿರುವ ಬಿಸಿಯೇ ಅದಕ್ಕೆ ಅಂಟಿದ ಹನಿಗಳನ್ನು ಆವಿ ಮಾಡುತ್ತದೆ. ಯಂತ್ರದ ಒಳಗೋಡೆ ಪಾತ್ರೆಗಿಂತ ಬೇಗ ತಣ್ಣಗಾಗುವುದರಿಂದ ಆವಿ ಅಲ್ಲಿ ಹನಿಗಟ್ಟಿ, ಕೆಳಗಿಳಿದು ಹೊರಹೋಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕೂರುವುದು ಇದೇ ಕಾರಣಕ್ಕೆ. ಈ ವಿಧಾನಕ್ಕೆ ಕಂಡೆನ್ಸೇಷನ್ ಡ್ರೈಯಿಂಗ್ ಎಂದು ಹೆಸರು.

ಅಂದರೆ ಒಣಗಿಸುವ ಕೆಲಸ ನಿಜಕ್ಕೂ ಮಾಡುವುದು ಯಂತ್ರವಲ್ಲ, ಪಾತ್ರೆ. ಯಾವ ಪಾತ್ರೆ ಎಷ್ಟು ಬಿಸಿ ಹಿಡಿದಿಟ್ಟುಕೊಳ್ಳುತ್ತದೋ ಅಷ್ಟು ಒಣಗುತ್ತದೆ.

ಲೆಕ್ಕ ಹಾಕಿ ನೋಡಿದರೆ

600 ಗ್ರಾಂ ತೂಕದ ಒಂದು ಪಿಂಗಾಣಿ ತಟ್ಟೆ 65 ಡಿಗ್ರಿಯಿಂದ 40 ಡಿಗ್ರಿಗೆ ತಣಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 5 ಗ್ರಾಂ ನೀರನ್ನು ಆವಿ ಮಾಡಲು ಸಾಕು. ಅದೇ 300 ಗ್ರಾಂ ತೂಕದ ಸ್ಟೀಲ್ ಊಟದ ತಟ್ಟೆಯ ಶಾಖಕ್ಕೆ ಆವಿಯಾಗುವುದು ಒಂದೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು. 80 ಗ್ರಾಂನ ಸ್ಟೀಲ್ ಲೋಟದ ಪಾಲಿಗೆ ಅರ್ಧ ಗ್ರಾಂ ಕೂಡ ಇಲ್ಲ. ಅಂದರೆ ಏಳೆಂಟು ಹನಿ ಮಾತ್ರ. ಲೋಟದ ತಳದ ಹೊರಗಿನ ಗುಳಿಯಲ್ಲಿ ಒಂದು ಚಮಚ ನೀರು ನಿಂತಿದ್ದರೆ ಅದು ಒಣಗುವ ಮಾತೇ ಇಲ್ಲ.

ಪ್ಲಾಸ್ಟಿಕ್‌ನ ಕಥೆ ಬೇರೆ. 60 ಗ್ರಾಂನ ಟಿಫನ್ ಡಬ್ಬಿಯಲ್ಲಿರುವ ಶಾಖ ಲೆಕ್ಕದಲ್ಲಿ ಒಂದು ಗ್ರಾಂಗೂ ಸ್ವಲ್ಪ ಹೆಚ್ಚು ನೀರಿಗೆ ಸಾಕು. ಆದರೆ ಪ್ಲಾಸ್ಟಿಕ್ ಶಾಖವನ್ನು ಸರಾಗವಾಗಿ ಹರಿಯಬಿಡುವುದಿಲ್ಲ. ಜೊತೆಗೆ ನೀರು ಅದರ ಮೇಲೆ ತೆಳುವಾಗಿ ಹರಡದೆ ಗುಂಡು ಗುಂಡು ಹನಿಯಾಗಿ ಕೂರುತ್ತದೆ. ಗುಂಡು ಹನಿ ಒಣಗುವುದು ನಿಧಾನ. ಹೀಗಾಗಿ ಎಷ್ಟು ಬೆಲೆಯ ಯಂತ್ರದಿಂದ ತೆಗೆದರೂ ಪ್ಲಾಸ್ಟಿಕ್ ಡಬ್ಬಿಗಳು ಒದ್ದೆಯಾಗಿಯೇ ಬರುವುದುಂಟು. ಅದು ಯಂತ್ರ ಕೆಟ್ಟಿದ್ದರ ಲಕ್ಷಣವಲ್ಲ.

ಯುರೋಪಿನ ಪರೀಕ್ಷೆ, ನಮ್ಮ ಪಾತ್ರೆ

ಒಣಗಿಸುವ ಸಾಮರ್ಥ್ಯವನ್ನು ಅಳೆಯಲು ಯುರೋಪಿನಲ್ಲಿ ಒಂದು ಪದ್ಧತಿ ಇದೆ. ಯಂತ್ರ ನಿಂತು 30 ನಿಮಿಷವಾದ ಮೇಲೆ ಪ್ರತಿ ಪಾತ್ರೆಯನ್ನೂ ಎತ್ತಿ ನೋಡುತ್ತಾರೆ. ಸ್ವಲ್ಪವೂ ತೇವವಿಲ್ಲದಿದ್ದರೆ 2 ಅಂಕ. ಒಂದೆರಡು ಹನಿ ಅಥವಾ ಒಂದು ಒದ್ದೆ ಗೆರೆ ಇದ್ದರೆ 1 ಅಂಕ. ಅದಕ್ಕಿಂತ ಹೆಚ್ಚಿದ್ದರೆ ಸೊನ್ನೆ. ಬಹುಕಾಲ ಈ ಪರೀಕ್ಷೆಗೆ ಇಡುತ್ತಿದ್ದುದು ಪಿಂಗಾಣಿ ತಟ್ಟೆ, ಕಪ್ಪು ಸಾಸರು, ಗಾಜಿನ ಲೋಟ, ಚಮಚ ಮತ್ತು ಫೋರ್ಕುಗಳನ್ನು. ಯುರೋಪ್ ಒಕ್ಕೂಟದ ವಿದ್ಯುತ್ ಲೇಬಲ್ ಮೇಲೆ ಒಣಗಿಸುವ ಸಾಮರ್ಥ್ಯಕ್ಕೆ ಪ್ರತ್ಯೇಕ ದರ್ಜೆ ಮುದ್ರಿಸುವ ಪದ್ಧತಿಯೂ ಇತ್ತು. 2021ರ ಮಾರ್ಚ್‌ನಲ್ಲಿ ಬಂದ ಹೊಸ ಲೇಬಲ್‌ನಲ್ಲಿ ಆ ದರ್ಜೆ ಇಲ್ಲ.

ಅಂಗಡಿಯವರು 'ಎ ದರ್ಜೆ ಡ್ರೈಯಿಂಗ್' ಎಂದಾಗ ನೆನಪಿಡಬೇಕಾದ ಸಂಗತಿ ಇದೇ. ಆ ಅಂಕ ಪಿಂಗಾಣಿಗೆ ಸಿಕ್ಕಿದ್ದು. ಈ ಭಾಗದ ಮನೆಗಳಲ್ಲಿ ದಿನವೂ ಸಿಂಕಿಗೆ ಬೀಳುವುದು ಸ್ಟೀಲ್ ತಟ್ಟೆ, ಲೋಟ, ಚೊಂಬು, ಸೌಟು, ಮುದ್ದೆಯ ಪಾತ್ರೆ, ಮಕ್ಕಳ ಟಿಫನ್ ಡಬ್ಬಿ. 12 ಅಥವಾ 14 'ಪ್ಲೇಸ್ ಸೆಟ್ಟಿಂಗ್' ಎಂಬ ಲೆಕ್ಕವೂ ಅಲ್ಲಿಯ ತಟ್ಟೆ ಬಟ್ಟಲುಗಳದ್ದೇ.

ಹೊಸ ಉಪಾಯಗಳು ಯಾವುವು?

ಕಂಡೆನ್ಸೇಷನ್ ವಿಧಾನದ ಕೊರತೆ ತುಂಬಲು ಕಂಪನಿಗಳು ಕೆಲವು ಉಪಾಯ ಹುಡುಕಿವೆ.

ಎಕ್ಸ್‌ಟ್ರಾ ಡ್ರೈ: ಕೊನೆಯ ನೀರನ್ನು ಇನ್ನಷ್ಟು ಕಾಯಿಸಿ, ಒಣಗಿಸುವ ಅವಧಿಯನ್ನು ಹೆಚ್ಚಿಸುವ ಬಟನ್ ಇದು. ವಿದ್ಯುತ್ ಹೆಚ್ಚು ಬೇಕು, ನೀರು ಹೆಚ್ಚು ಬೇಡ. ಸ್ಟೀಲ್ ಪಾತ್ರೆಗೆ ಇದರಿಂದ ಪ್ರಯೋಜನವಿದೆ.

ತಾನಾಗಿ ತೆರೆಯುವ ಬಾಗಿಲು: ತೊಳೆಯುವುದು ಮುಗಿಯುತ್ತಿದ್ದಂತೆ ಬಾಗಿಲು ಕೆಲವು ಸೆಂಟಿಮೀಟರ್ ತೆರೆದುಕೊಂಡು ಆವಿಯನ್ನು ಹೊರಬಿಡುತ್ತದೆ. ಎಲೆಕ್ಟ್ರೋಲಕ್ಸ್, ಮೀಲೆ ಮುಂತಾದ ಕಂಪನಿಗಳ ಯಂತ್ರಗಳಲ್ಲಿ ಇದು ಪ್ರಸಿದ್ಧ. ಈಗ ಇನ್ನೂ ಹಲವು ಬ್ರಾಂಡ್‌ಗಳಲ್ಲಿ ಸಿಗುತ್ತದೆ.

ಜಿಯೋಲೈಟ್: ಬಾಷ್ ಮತ್ತು ಸೀಮೆನ್ಸ್ ಹೆಸರಿನ ಕೆಲವು ದುಬಾರಿ ಯಂತ್ರಗಳಲ್ಲಿ ಜಿಯೋಲೈಟ್ ಎಂಬ ಖನಿಜದ ಹರಳುಗಳಿರುತ್ತವೆ. ಇದು ತೇವ ಹೀರಿಕೊಳ್ಳುವಾಗ ಶಾಖ ಬಿಡುಗಡೆ ಮಾಡುತ್ತದೆ. ಯಂತ್ರದ ಒಳಗಿನ ಗಾಳಿಯನ್ನು ಇದರ ಮೂಲಕ ಹಾಯಿಸಿದಾಗ ಗಾಳಿ ಬಿಸಿಯಾಗಿಯೂ ಒಣಗಿಯೂ ಹೊರಬರುತ್ತದೆ. ಮುಂದಿನ ಸಲ ಯಂತ್ರ ಓಡುವಾಗ ಜಿಯೋಲೈಟನ್ನು ಕಾಯಿಸಿ ತೇವ ಬಿಡಿಸುತ್ತಾರೆ. ಹರಳು ಮತ್ತೆ ಸಿದ್ಧ. ಪ್ಲಾಸ್ಟಿಕ್ ಪಾತ್ರೆಯನ್ನು ಸಮಾಧಾನಕರವಾಗಿ ಒಣಗಿಸುವುದು ಮುಖ್ಯವಾಗಿ ಈ ಬಗೆಯ ಯಂತ್ರಗಳೇ.

ಬಿಸಿ ಕಾಯಿಲ್: ಅಮೆರಿಕದ ಹಳೆಯ ಯಂತ್ರಗಳಲ್ಲಿ ತಳದಲ್ಲಿ ತೆರೆದ ಹೀಟರ್ ಕಾಯಿಲ್ ಇದ್ದು, ಕೊನೆಯಲ್ಲಿ ಒಳಗಿನ ಗಾಳಿಯನ್ನೇ ಕಾಯಿಸುತ್ತಿತ್ತು. ಅಲ್ಲಿರುವ ಬಂಧುಗಳು 'ಹಳೆಯ ಮಷೀನೇ ಚೆನ್ನಾಗಿ ಒಣಗಿಸುತ್ತಿತ್ತು' ಎನ್ನುವುದಕ್ಕೆ ಇದೇ ಕಾರಣ. ಆದರೆ ಅದಕ್ಕೆ ಕರೆಂಟು ಹೆಚ್ಚು. ಕೆಳಗಿನ ಬುಟ್ಟಿಯಲ್ಲಿಟ್ಟ ಪ್ಲಾಸ್ಟಿಕ್ ಸೊಟ್ಟಗಾಗುವ ಭಯವೂ ಇತ್ತು. ವಿದ್ಯುತ್ ಉಳಿತಾಯಕ್ಕಾಗಿ ಇಂದಿನ ಹಲವು ಮಾದರಿಗಳು ಆ ದಾರಿ ಬಿಟ್ಟಿವೆ.

ಬಾಗಿಲು ತೆರೆದರೆ ಸಾಕು

ತಾನಾಗಿ ಬಾಗಿಲು ತೆರೆಯುವ ಯಂತ್ರಕ್ಕೆ ಹೆಚ್ಚು ಹಣ ಕೊಡಬೇಕೇ? ಇಲ್ಲಿ ಊರಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅನಂತಪುರ ಸೀಮೆ ಮಳೆ ನೆರಳಿನ ಪ್ರದೇಶ. ವರ್ಷದ ಸರಾಸರಿ ಮಳೆ ಸುಮಾರು 550 ಮಿ.ಮೀ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ 38 ಡಿಗ್ರಿ ಬಿಸಿಲಿದ್ದು, ಗಾಳಿಯ ತೇವಾಂಶ ಶೇ. 25 ಇದೆ ಎಂದುಕೊಳ್ಳೋಣ. ಆಗ ಒಂದು ಘನ ಮೀಟರ್ ಗಾಳಿ ಇನ್ನೂ ಸುಮಾರು 34 ಗ್ರಾಂ ನೀರಾವಿಯನ್ನು ಹೀರಬಲ್ಲದು. ಅದೇ ಜುಲೈ ತಿಂಗಳಲ್ಲಿ ಕಾಸರಗೋಡಿನ ಒಂದು ಮನೆಯಲ್ಲಿ 27 ಡಿಗ್ರಿ ಇದ್ದು ತೇವಾಂಶ ಶೇ. 90 ಇದ್ದರೆ, ಅಷ್ಟೇ ಗಾಳಿಗೆ 3 ಗ್ರಾಂ ಹೀರುವ ಶಕ್ತಿಯೂ ಉಳಿದಿರುವುದಿಲ್ಲ. ಕರಾವಳಿಯಲ್ಲಿ ಮಳೆಗಾಲಕ್ಕೆ ಜಾಲಾಡಿಸಿಟ್ಟ ಪಾತ್ರೆ ಮರುದಿನವೂ ತೇವವಾಗಿರುವುದು ಇದರಿಂದಲೇ.

ಇನ್ನು ಮುಚ್ಚಿದ ಯಂತ್ರದ ಒಳಗೆ ಏನಾಗುತ್ತದೆ? 60 ಡಿಗ್ರಿಯಲ್ಲಿ ಒಳಗಿನ ಗಾಳಿ ಆವಿಯಿಂದ ತುಂಬಿ ತುಳುಕುತ್ತಿರುತ್ತದೆ. ಬಾಗಿಲು ಮುಚ್ಚಿಯೇ ಇದ್ದರೆ ತಣಿಯುತ್ತಾ ಹೋದಂತೆ ಆ ಆವಿಯಲ್ಲಿ ಒಂದು ಪಾಲು ಮತ್ತೆ ಪಾತ್ರೆಗಳ ಮೇಲೆಯೇ ಹನಿಯಾಗಿ ಕೂರುತ್ತದೆ. ರಾತ್ರಿ ಯಂತ್ರ ಹಾಕಿ ಮಲಗಿ, ಬೆಳಿಗ್ಗೆ ತೆರೆದಾಗ ಲೋಟಗಳು ಬೆವರಿದಂತೆ ಕಾಣುವುದು ಇದೇ ಕಾರಣದಿಂದ.

ಆದ್ದರಿಂದ ರಾಯದುರ್ಗ, ಮಡಕಶಿರಾ ಕಡೆಯ ಮನೆಗಳಲ್ಲಿ ಕೆಲಸ ಮುಗಿದ ಹತ್ತು ಹದಿನೈದು ನಿಮಿಷಕ್ಕೆ ಬಾಗಿಲನ್ನು ಕೈಯಿಂದಲೇ ತೆರೆದಿಟ್ಟರೆ, ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಸ್ಟೀಲ್ ಪಾತ್ರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಒಣಗುತ್ತದೆ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುವ ಸೌಲಭ್ಯದ ಬಹುಪಾಲು ಇಲ್ಲಿಯ ಹವೆಯಲ್ಲೇ ಇದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯ ದಿನಗಳಲ್ಲಿ ಮಾತ್ರ ಎಕ್ಸ್‌ಟ್ರಾ ಡ್ರೈ ಬಟನ್ ಒತ್ತಬೇಕಾದೀತು. ಬಾಗಿಲು ತೆರೆದಾಗ ಬರುವ ಹಬೆ ಬಿಸಿಯಾಗಿರುತ್ತದೆ. ಮಕ್ಕಳು ಹತ್ತಿರ ಇರಬಾರದು. ಯಂತ್ರದ ಮೇಲೆ ಪ್ಲೈವುಡ್ ಕಟ್ಟೆ ಇದ್ದರೆ ಹಬೆ ತಗುಲಿ ಉಬ್ಬುತ್ತದೆ. ಗ್ರಾನೈಟ್ ಕಲ್ಲಿಗೆ ತೊಂದರೆ ಇಲ್ಲ.

ಬಿಸಿಲಿಗೆ ಇಟ್ಟರೆ ಆಗದೇ?

ಆಗುತ್ತದೆ. ಅಂಗಳದ ಬಿಸಿಲಿನಷ್ಟು ಅಗ್ಗವಾಗಿ ಪಾತ್ರೆ ಒಣಗಿಸುವ ಯಂತ್ರ ಇನ್ನೂ ಬಂದಿಲ್ಲ. ಆದರೆ ಆಷಾಢದ ಗಾಳಿ ಶುರುವಾದರೆ ಈ ಸೀಮೆಯಲ್ಲಿ ಧೂಳು ತಪ್ಪಿದ್ದಲ್ಲ. ವೇದಾವತಿ ಅಥವಾ ಹಗರಿ ನದಿಯ ಉದ್ದಕ್ಕೂ ಕಣೇಕಲ್, ಬೊಮ್ಮನಹಾಳ್ ಕಡೆ ಗಾಳಿಗೆ ಮರಳು ದಿಬ್ಬಗಳೇ ಸರಿಯುತ್ತವೆ. ಅಂಥ ದಿನಗಳಲ್ಲಿ ಹೊರಗಿಟ್ಟ ತಟ್ಟೆ ಒಣಗುತ್ತದೆ, ಜೊತೆಗೆ ಮಣ್ಣನ್ನೂ ಹೊತ್ತು ಒಳಗೆ ಬರುತ್ತದೆ. ಅದನ್ನು ಮತ್ತೆ ಒರೆಸುವ ಕೆಲಸ ಮನೆಯ ಹೆಂಗಸರ ಪಾಲಿಗೇ ಬೀಳುತ್ತದೆ.

ಒರೆಸುವ ಬಟ್ಟೆಯೂ ಪೂರ್ತಿ ನಿರ್ದೋಷಿಯಲ್ಲ. ದಿನವಿಡೀ ಒದ್ದೆಯಾಗಿರುವ ಅಡುಗೆಮನೆ ಬಟ್ಟೆಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಅದರಿಂದ ಒರೆಸಿದರೆ ಶುದ್ಧವಾದ ತಟ್ಟೆಗೂ ಅಂಟುತ್ತವೆ. ಒದ್ದೆ ಲೋಟಗಳನ್ನು ಒಂದರೊಳಗೊಂದು ಜೋಡಿಸಿಡುವುದು, ಟಿಫನ್ ಡಬ್ಬಿಯನ್ನು ತೇವವಿರುವಾಗಲೇ ಮುಚ್ಚಿಡುವುದು ಇನ್ನೂ ಕೆಟ್ಟದ್ದು. ಬೆಳಿಗ್ಗೆ ಡಬ್ಬಿ ತೆರೆದಾಗ ಬರುವ ಮುಗ್ಗಲು ವಾಸನೆ ಅದರ ಗುರುತು. ಶಾಲೆಗೆ ಹೋಗುವ ಮಗುವಿನ ಮಧ್ಯಾಹ್ನದ ಊಟ ಅದರೊಳಗೇ ಇರುತ್ತದೆ. ಒಣಗುವುದು ಬರೀ ಅಂದದ ವಿಷಯವಲ್ಲ ಎಂಬುದಕ್ಕೆ ಇಷ್ಟು ಸಾಕು.

ನಿಜವಾದ ತೊಡಕು ನೀರಿನದ್ದು

ಪಾತ್ರೆ ಒಣಗಿತು, ಆದರೆ ಮೈತುಂಬ ಬಿಳಿ ಚುಕ್ಕೆ. ಇದು ಬೋರ್‌ವೆಲ್ ನೀರಿನ ಮನೆಗಳ ದೂರು. ಒಣಗುವಾಗ ಹೋಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಸುಣ್ಣದಂಶ, ಉಪ್ಪಿನಂಶ ಅಲ್ಲೇ ಉಳಿಯುತ್ತದೆ. ಹಾಗಾಗಿ ಎಷ್ಟು ಹನಿ ಉಳಿಯಿತೋ ಅಷ್ಟು ಚುಕ್ಕೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ನಿಗದಿ ಮಾಡಿರುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿನ ಮೂಲ ಇಲ್ಲದಿದ್ದರೆ 600 ಮಿಲಿಗ್ರಾಂವರೆಗೆ ನಡೆಯುತ್ತದೆ. ಡಿಶ್‌ವಾಷರ್‌ನ ಕೈಪಿಡಿಗಳಲ್ಲಿ ಗಡಸುತನವನ್ನು 'ಜರ್ಮನ್ ಡಿಗ್ರಿ'ಯಲ್ಲಿ ಬರೆದಿರುತ್ತಾರೆ. ಒಂದು ಜರ್ಮನ್ ಡಿಗ್ರಿ ಎಂದರೆ ಸುಮಾರು 18 ಮಿಲಿಗ್ರಾಂ. ಆ ಲೆಕ್ಕದಲ್ಲಿ 600 ಮಿಲಿಗ್ರಾಂ ಅಂದರೆ ಹೆಚ್ಚುಕಡಿಮೆ 34 ಡಿಗ್ರಿ. ಅನೇಕ ಯಂತ್ರಗಳು ತಾಳಿಕೊಳ್ಳುವ ಮಿತಿ 35 ಡಿಗ್ರಿ, ಕೆಲವಕ್ಕೆ 50 ಡಿಗ್ರಿ. ನೀರು ಇದಕ್ಕಿಂತ ಗಡಸಾಗಿದ್ದರೆ ಯಂತ್ರದ ಒಳಗಿನ ವ್ಯವಸ್ಥೆ ಸಾಲದು. ಹೊರಗೆ ಬೇರೆ ಸಾಫ್ಟ್‌ನರ್ ಹಾಕಿಸಬೇಕಾಗುತ್ತದೆ.

ನೀರು ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಒಂದೇ ತಾಲ್ಲೂಕಿನಲ್ಲೂ ಉತ್ತರ ಬೇರೆಯಾಗುತ್ತದೆ. ತುಂಗಭದ್ರಾ ಮೇಲ್ಮಟ್ಟದ ಕಾಲುವೆ ಹಾದುಹೋಗುವ ಬೊಮ್ಮನಹಾಳ್, ಕಣೇಕಲ್ ಕಡೆ ನದಿಯ ನೀರು ಸಿಗುವ ಮನೆಗಳಲ್ಲಿ ಗಡಸುತನದ ಕಾಟ ಕಡಿಮೆ. ನೂರಾರು ಅಡಿ ಆಳದ ಬೋರ್‌ವೆಲ್ಲನ್ನೇ ನಂಬಿರುವ ಮನೆಗಳಲ್ಲಿ ಹೆಚ್ಚು. ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಭಾಗದವರು ಕೊಳ್ಳುವ ಮುನ್ನ ನೀರಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು. 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಜಿಲ್ಲೆ ಎರಡಾದರೂ ನೆಲದಡಿಯ ಕಲ್ಲು ಒಂದೇ.

ಪರೀಕ್ಷೆಗೆ ಮನೆಯಲ್ಲೇ ಒಂದು ಸರಳ ದಾರಿ ಇದೆ. ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಬಾರ್ ಸೋಪಿನ ಸ್ವಲ್ಪ ಹೆರಕಲು ಹಾಕಿ ಜೋರಾಗಿ ಅಲ್ಲಾಡಿಸಿ. ನೊರೆ ಎದ್ದು ನಿಂತರೆ ನೀರು ಮೃದು. ನೊರೆ ಬಾರದೆ ನೀರು ಒಡೆದ ಹಾಲಿನಂತೆ ಕಂಡರೆ ಗಡಸು. ನಿಖರ ಅಂಕಿ ಬೇಕಿದ್ದರೆ ಪರೀಕ್ಷಾ ಪಟ್ಟಿ ಅಥವಾ ಪ್ರಯೋಗಾಲಯವೇ ಆಗಬೇಕು.

ಉಪ್ಪು ಯಾಕೆ? ರಿನ್ಸ್ ಏಡ್ ಯಾಕೆ?

ಯಂತ್ರದ ತಳದಲ್ಲಿ ಉಪ್ಪು ಹಾಕುವ ಡಬ್ಬಿ ಇರುತ್ತದೆ. ಈ ಉಪ್ಪು ಪಾತ್ರೆಗೆ ತಗುಲುವುದಿಲ್ಲ. ನೀರಿನ ಸುಣ್ಣದಂಶವನ್ನು ಹಿಡಿದಿಡುವ ರಾಳದ ಮಣಿಗಳನ್ನು ತೊಳೆದು ಮತ್ತೆ ಸಿದ್ಧಗೊಳಿಸುವುದಷ್ಟೇ ಅದರ ಕೆಲಸ. ಅಡುಗೆಯ ಅಯೋಡಿನ್ ಉಪ್ಪು ಇದಕ್ಕೆ ಆಗದು. ಡಿಶ್‌ವಾಷರ್‌ಗೆಂದೇ ಮಾರುವ ಹರಳುಪ್ಪು ಬೇಕು. ಮನೆಯ ನೀರಿನ ಗಡಸುತನವನ್ನು ಯಂತ್ರದಲ್ಲಿ ಸರಿಯಾಗಿ ಹೊಂದಿಸದಿದ್ದರೆ ಉಪ್ಪು ತುಂಬಿದ್ದೂ ವ್ಯರ್ಥ. ಗಡಸು ಹೆಚ್ಚಾದಷ್ಟೂ ಮಣಿಗಳನ್ನು ಪದೇ ಪದೇ ತೊಳೆಯಬೇಕು. ಅದಕ್ಕೆ ಉಪ್ಪಿನ ಜೊತೆ ಕೆಲವು ಲೀಟರ್ ಹೆಚ್ಚುವರಿ ನೀರೂ ಖರ್ಚಾಗುತ್ತದೆ. ಇಂದಿನ ಹಲವು ಯಂತ್ರಗಳು ಒಂದು ಸಲಕ್ಕೆ ಬಳಸುವುದು ಸುಮಾರು 10ರಿಂದ 12 ಲೀಟರ್. ನೀರಿನ ಅಭಾವವಿರುವ ಊರಿನಲ್ಲಿ ಈ ಹೆಚ್ಚುವರಿಯನ್ನೂ ಲೆಕ್ಕ ಹಿಡಿಯಬೇಕು.

ಇನ್ನೊಂದು ಮಾತು. ಈ ವ್ಯವಸ್ಥೆ ತೆಗೆಯುವುದು ಸುಣ್ಣದಂಶವನ್ನು ಮಾತ್ರ. ನೀರಿನ ಸವಳು ಅಥವಾ ಫ್ಲೋರೈಡ್ ಇದರಿಂದ ಹೋಗುವುದಿಲ್ಲ. ಸವಳು ನೀರಿನ ಹನಿ ಒಣಗಿದರೆ ತೆಳ್ಳಗೆ ಉಪ್ಪಿನ ಗುರುತು ಉಳಿಯುತ್ತದೆ. ಅದು ಒದ್ದೆ ಬಟ್ಟೆಗೆ ಸುಲಭವಾಗಿ ಹೋಗುತ್ತದೆ. ಸುಣ್ಣದ ಚುಕ್ಕೆಗೆ ನಿಂಬೆರಸ ಅಥವಾ ವಿನೆಗರ್ ಬೇಕು. ಗಾಜಿನ ಮೇಲಿನ ಮಬ್ಬು ಯಾವುದಕ್ಕೂ ಹೋಗದಿದ್ದರೆ ಗಾಜೇ ಸವೆದಿದೆ ಎಂದು ಅರ್ಥ.

ರಿನ್ಸ್ ಏಡ್ ಎಂಬ ದ್ರವ ಕೊನೆಯ ನೀರಿಗೆ ತಾನಾಗಿ ಬೆರೆಯುತ್ತದೆ. ನೀರು ಹನಿಗಟ್ಟದೆ ತೆಳುಪದರವಾಗಿ ಹರಡಿ ಜಾರುವಂತೆ ಮಾಡುವುದು ಇದರ ಗುಣ. ಉಳಿಯುವ ನೀರೇ ಕಡಿಮೆಯಾದರೆ ಒಣಗಿಸುವ ಶ್ರಮವೂ ಕಡಿಮೆ, ಚುಕ್ಕೆಯೂ ಕಡಿಮೆ. ಸ್ಟೀಲ್ ಪಾತ್ರೆಗೆ ಇದರ ಪರಿಣಾಮ ಕಣ್ಣಿಗೆ ಕಾಣುವಷ್ಟಿರುತ್ತದೆ. ಸ್ವಿಟ್ಜರ್ಲೆಂಡಿನ ದಾವೋಸ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕೆಲವು ರಿನ್ಸ್ ಏಡ್‌ಗಳಲ್ಲಿರುವ ರಾಸಾಯನಿಕ ಪ್ರಯೋಗಾಲಯದಲ್ಲಿ ಬೆಳೆಸಿದ ಕರುಳಿನ ಜೀವಕೋಶಗಳಿಗೆ ಹಾನಿ ಮಾಡಿದ್ದನ್ನು ತೋರಿಸಿತು. ಅದರಲ್ಲಿ ಮುಖ್ಯವಾಗಿ ಬೊಟ್ಟು ಮಾಡಿದ್ದು ಹೋಟೆಲು, ಕ್ಯಾಂಟೀನುಗಳ ದೊಡ್ಡ ಯಂತ್ರಗಳ ಕಡೆಗೆ. ಆದರೂ ಮನೆಯಲ್ಲಿ ಪ್ರಮಾಣದ ಗುಂಡಿಯನ್ನು ಬೇಕಾದಷ್ಟಕ್ಕೇ ಇಟ್ಟುಕೊಳ್ಳುವುದು ಜಾಣತನ. ತಟ್ಟೆಯಲ್ಲಿ ನೀಲಿ ಛಾಯೆ ಅಥವಾ ಜಿಡ್ಡಿನಂಥ ಗೆರೆ ಕಂಡರೆ ಪ್ರಮಾಣ ಹೆಚ್ಚಾಗಿದೆ ಎಂದೇ ತಿಳಿಯಬೇಕು.

ಒಣಗಲು ಸಹಾಯ ಮಾಡುವ ಕೆಲವು ಸೂತ್ರಗಳು

- ಲೋಟ, ಬಟ್ಟಲುಗಳನ್ನು ಬೋರಲು ಹಾಕುವುದಷ್ಟೇ ಅಲ್ಲ, ಸ್ವಲ್ಪ ವಾರೆಯಾಗಿಡಿ. ತಳದ ಗುಳಿಯಲ್ಲಿ ನೀರು ನಿಲ್ಲಬಾರದು.
- ಒಂದು ತಟ್ಟೆ ಇನ್ನೊಂದಕ್ಕೆ ಅಂಟದಿರಲಿ. ಅಂಟಿದ ಜಾಗ ತೊಳೆಯುವುದೂ ಇಲ್ಲ, ಒಣಗುವುದೂ ಇಲ್ಲ.
- ಪ್ಲಾಸ್ಟಿಕ್ ಡಬ್ಬಿಗಳನ್ನು ಮೇಲಿನ ಬುಟ್ಟಿಯಲ್ಲಿಡಿ. ತೆಗೆದ ಮೇಲೆ ಒಮ್ಮೆ ಕೊಡವಿ, ಮುಚ್ಚಳ ಹಾಕದೆ ಗಾಳಿಗೆ ಬಿಡಿ.
- ಮೊದಲು ಕೆಳಗಿನ ಬುಟ್ಟಿ ಖಾಲಿ ಮಾಡಿ, ಆಮೇಲೆ ಮೇಲಿನದು. ಇಲ್ಲದಿದ್ದರೆ ಮೇಲಿನ ಹನಿ ಒಣಗಿದ ತಟ್ಟೆಯ ಮೇಲೆ ಬೀಳುತ್ತದೆ.
- ಅರ್ಧ ಗಂಟೆಯ 'ಕ್ವಿಕ್' ಪ್ರೋಗ್ರಾಂನಲ್ಲಿ ಸಾಮಾನ್ಯವಾಗಿ ಒಣಗಿಸುವ ಹಂತವೇ ಇರುವುದಿಲ್ಲ. ಪಾತ್ರೆ ಒದ್ದೆ ಬಂದರೆ ಯಂತ್ರವನ್ನು ದೂರಿ ಫಲವಿಲ್ಲ.
- ಮುದ್ದೆ ಹಿಡಿದ ಪಾತ್ರೆಯನ್ನು ಸ್ವಲ್ಪ ಹೊತ್ತು ನೆನೆಹಾಕಿ, ತಳ ಕೆರೆದು ನಂತರ ಇಡಿ.
- ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ, ತಾಮ್ರ, ಕಬ್ಬಿಣದ ಬಾಣಲೆ, ಮರದ ಮುದ್ದೆ ಕೋಲು ಯಂತ್ರಕ್ಕೆ ಬೇಡ. ಅಲ್ಯೂಮಿನಿಯಂ ಕಪ್ಪಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಮರ ಬಿರುಕು ಬಿಡುತ್ತದೆ.
- ಕೊನೆಯ ಹಂತದಲ್ಲಿ ಕರೆಂಟು ಹೋದರೆ ಕಾಯುತ್ತಾ ಕೂರಬೇಕಿಲ್ಲ. ನೀರು ಪೂರ್ತಿ ಹೊರಹೋಗಿದ್ದರೆ ಬಾಗಿಲು ತೆರೆದಿಡಿ, ಪಾತ್ರೆಯ ಬಿಸಿ ಇರುವಾಗಲೇ ಗಾಳಿ ಆಡಲಿ.

ಕೊಳ್ಳುವವರು ಕೇಳಬೇಕಾದ ಪ್ರಶ್ನೆ

ಅಂಗಡಿಯಲ್ಲಿ 'ಶೇ. 100ರಷ್ಟು ಒಣಗಿಸುತ್ತದೆಯೇ?' ಎಂದು ಕೇಳಿದರೆ ಬರುವ ಉತ್ತರ ಯಾವಾಗಲೂ 'ಹೌದು'. ಅದರ ಬದಲು ಮೂರು ಸಂಗತಿ ಕೇಳಿ ತಿಳಿಯಬಹುದು. ಈ ಯಂತ್ರ ಎಷ್ಟು ಗಡಸುತನದವರೆಗಿನ ನೀರನ್ನು ತಾಳುತ್ತದೆ? ಕೊನೆಯ ಜಾಲಾಟಕ್ಕೆ ನೀರನ್ನು ಎಷ್ಟು ಡಿಗ್ರಿ ಕಾಯಿಸುತ್ತದೆ, ಎಕ್ಸ್‌ಟ್ರಾ ಡ್ರೈ ಇದೆಯೇ? ರಿಪೇರಿಗೆ ನಮ್ಮ ಊರಿಗೆ ಬರುತ್ತಾರೆಯೇ?

ಮೊದಲ ಪ್ರಶ್ನೆಗೆ ಮನೆಯ ನೀರಿಗೆ ಹೊಂದುವ ಉತ್ತರ ಸಿಗದಿದ್ದರೆ ಜಿಯೋಲೈಟ್ ಇದ್ದೂ ಪ್ರಯೋಜನವಿಲ್ಲ. ಸಿಕ್ಕಿತೆಂದರೆ ಸಾಧಾರಣ ಬೆಲೆಯ ಯಂತ್ರ, ಅಳತೆಯ ಉಪ್ಪು, ಸ್ವಲ್ಪ ರಿನ್ಸ್ ಏಡ್ ಮತ್ತು ಸಮಯಕ್ಕೆ ತೆರೆದಿಟ್ಟ ಬಾಗಿಲು, ಇಷ್ಟರಲ್ಲೇ ಈ ಸೀಮೆಯ ಸ್ಟೀಲ್ ಪಾತ್ರೆಗಳು ಒಣಗುತ್ತವೆ. ಪ್ಲಾಸ್ಟಿಕ್ ಡಬ್ಬಿಗೆ ಮಾತ್ರ ಇನ್ನೊಂದು ಅರ್ಧ ಗಂಟೆ ಗಾಳಿ ಬೇಕು.